ಮ್ಯೂಸಿಯಂನಲ್ಲಿ ಮಕ್ಕಳಿಗೆ ಚಿತ್ರಕಲೆ: ನೋಡುವುದರಿಂದ ಮಾಡುವವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಮಕ್ಕಳನ್ನು ಮ್ಯೂಸಿಯಂಗೆ ಕರೆಸಿ, ಒಂದು ಕೋಣೆಯಲ್ಲಿ ಕೂರಿಸಿ, ಕೈಗೊಂದು ಡ್ರಾಯಿಂಗ್ ಶೀಟ್ ಕೊಟ್ಟು "ನಿಮಗಿಷ್ಟವಾದ ಚಿತ್ರ ಬಿಡಿಸಿ" ಅನ್ನುವ ಕಾರ್ಯಕ್ರಮಗಳು ಬಹಳ ನಡೆಯುತ್ತವೆ. ಶುರುವಿನಲ್ಲಿ ನಾನೂ ಹಾಗೇ ಮಾಡುತ್ತಿದ್ದೆ. ಮಕ್ಕಳು ಖುಷಿಯಾಗಿಯೇ ಬಿಡಿಸುತ್ತಾರೆ. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಮನೆ. ಆದರೆ ಆ ಚಿತ್ರವನ್ನು ಅವರು ಮನೆಯಲ್ಲೇ ಕೂತು ಬಿಡಿಸಬಹುದಿತ್ತು, ಅಲ್ವಾ? ಪಕ್ಕದ ಕೋಣೆಯಲ್ಲಿ ನೂರಾರು ವರ್ಷ ಹಳೆಯ ಕೃತಿಗಳಿದ್ದವು. ಅವನ್ನು ಒಂದು ಮಗುವೂ ನೋಡಿರಲಿಲ್ಲ.

ಮ್ಯೂಸಿಯಂ, ಆರ್ಟ್ ಗ್ಯಾಲರಿ, ಕಲಾಭವನ ಇಂಥ ಕಡೆ ಕಲೆ ಕಲಿಸುವವರ ಹತ್ತಿರ ಇರುವ ದೊಡ್ಡ ಆಸ್ತಿ ಅಂದರೆ ಮೂಲ ಕೃತಿ. ಅದರ ನಿಜವಾದ ಅಳತೆ, ಬಣ್ಣದ ದಪ್ಪ, ಬ್ರಷ್ ಎಳೆದ ಗುರುತು, ಮೇಲಿನ ಬಿರುಕು, ಇವು ಪುಸ್ತಕದಲ್ಲಿ ಸಿಗುವುದಿಲ್ಲ, ಫೋನಿನಲ್ಲೂ ಸಿಗುವುದಿಲ್ಲ. ಹಾಗಾಗಿ ನಾನು ಇಡೀ ಕಾರ್ಯಕ್ರಮವನ್ನು ಒಂದೇ ಮಾತಿನ ಮೇಲೆ ಕಟ್ಟುತ್ತೇನೆ: ಮಗು ಮೊದಲು ಚೆನ್ನಾಗಿ ನೋಡಲಿ, ಆಮೇಲೆ ಮಾಡಲಿ, ಮಾಡುವುದು ನೋಡಿದ್ದರಿಂದಲೇ ಹುಟ್ಟಲಿ. ಇಲ್ಲಿ ಬರೆದಿರುವುದು 7ರಿಂದ 10 ವರ್ಷದ ಮಕ್ಕಳ ಎರಡು ಗಂಟೆಯ ಕಾರ್ಯಾಗಾರಕ್ಕೆ. ಬೇರೆ ವಯಸ್ಸಿನವರಿಗೆ ಏನು ಬದಲಿಸಬೇಕು ಅನ್ನುವುದನ್ನು ಅಲ್ಲಲ್ಲಿ ಹೇಳುತ್ತೇನೆ.

1. ಮೊದಲು ನೀವು ಮಂಡಿಯೂರಿ ನೋಡಿ

ಕಾರ್ಯಾಗಾರಕ್ಕೆ ಒಂದು ವಾರ ಮುಂಚೆ ಗ್ಯಾಲರಿಗೆ ಒಬ್ಬರೇ ಹೋಗಿ. ಪ್ರತಿ ಚಿತ್ರದ ಮುಂದೆ ಮಂಡಿಯೂರಿ ಕೂತು ನೋಡಿ. ಏಳು ವರ್ಷದ ಮಗುವಿನ ಕಣ್ಣು ನೆಲದಿಂದ ಸುಮಾರು 110 ಸೆಂ.ಮೀ. ಎತ್ತರದಲ್ಲಿರುತ್ತದೆ. ಗ್ಯಾಲರಿಗಳಲ್ಲಿ ಸಾಮಾನ್ಯವಾಗಿ ಚಿತ್ರದ ನಡುಭಾಗ 145ರಿಂದ 155 ಸೆಂ.ಮೀ. ಎತ್ತರಕ್ಕೆ ಬರುವಂತೆ ತೂಗುಹಾಕುತ್ತಾರೆ. ನೀವು ನಿಂತು ನೋಡಿದಾಗ ಚೆನ್ನಾಗಿ ಕಾಣುವ ಚಿತ್ರ, ಮಗುವಿನ ಎತ್ತರದಿಂದ ಬರೀ ಗಾಜಿನ ಮೇಲಿನ ದೀಪದ ಪ್ರತಿಫಲನವಾಗಿ ಕಾಣಬಹುದು. ಇದು ಮಂಡಿಯೂರದೆ ಗೊತ್ತಾಗುವುದೇ ಇಲ್ಲ. ಎಷ್ಟು ಹಿಂದೆ ಸರಿದು ಕೂತರೆ ಆ ಬೆಳಕು ತಪ್ಪುತ್ತದೆ ಅಂತ ಅಲ್ಲೇ ನೋಡಿಕೊಂಡು ಬರೆದಿಟ್ಟುಕೊಳ್ಳಿ.

ಹಾಗೇ ಆ ಕೋಣೆಯ ಗಾರ್ಡ್ ಜೊತೆ ಮಾತಾಡಿ. ಯಾವ ಹೊತ್ತಿನಲ್ಲಿ ಜನ ಜಾಸ್ತಿ, ಯಾವ ಮೂಲೆಯಲ್ಲಿ ಮಾತು ಪ್ರತಿಧ್ವನಿಸುತ್ತದೆ, ಮಕ್ಕಳು ಯಾವುದನ್ನು ಮುಟ್ಟಲು ಹೋಗುತ್ತಾರೆ, ಇದೆಲ್ಲ ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಕಾರ್ಯಾಗಾರದ ದಿನ ಅವರನ್ನು ಮಕ್ಕಳಿಗೆ ಪರಿಚಯ ಮಾಡಿಸಿ. ಗದರುವ ಮನುಷ್ಯ ಅಂದುಕೊಂಡಿದ್ದವರು ಈ ಚಿತ್ರಗಳನ್ನು ಕಾಯುವವರು ಅಂತ ತಿಳಿದರೆ ಮಕ್ಕಳು ನಡೆದುಕೊಳ್ಳುವ ರೀತಿಯೇ ಬದಲಾಗುತ್ತದೆ.

2. ಎರಡೇ ಕೃತಿ ಆರಿಸಿ

ಎರಡು ಗಂಟೆಗೆ ಎರಡು ಕೃತಿ ಸಾಕು. ಮೂರು ಮಾಡಿದರೆ ಓಡಬೇಕಾಗುತ್ತದೆ. ಇಷ್ಟು ಕಡಿಮೆಯಾ ಅಂತ ಸಂಸ್ಥೆಯವರು ಕೇಳಿದರೆ ಈ ಲೆಕ್ಕ ಹೇಳಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದೊಂದು ಕೃತಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ಅಳೆದಿದ್ದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬಂದ ಸರಾಸರಿ 27 ಸೆಕೆಂಡ್. ದೊಡ್ಡವರೇ ಅಷ್ಟು. ನಮ್ಮ ಮಕ್ಕಳು ಒಂದೇ ಚಿತ್ರದ ಮುಂದೆ 15 ನಿಮಿಷ ಕೂತರೆ ಅದು ಸಣ್ಣ ಸಾಧನೆಯೇನಲ್ಲ.

ಎಂಥ ಕೃತಿ ಬೇಕು? ಏನಾದರೂ ನಡೆಯುತ್ತಿರುವಂಥದ್ದು. ನೋಡುತ್ತಾ ಹೋದಂತೆ ಹೊಸದು ಕಾಣುವಂಥದ್ದು. ಫ್ಲೆಮಿಷ್ ಚಿತ್ರಕಾರ ಬ್ರೂಗಲ್ 1560ರಲ್ಲಿ ಬಿಡಿಸಿದ, ಈಗ ವಿಯೆನ್ನಾದ ಕುನ್ಸ್ಟ್‌ಹಿಸ್ಟೋರಿಷಸ್ ಮ್ಯೂಸಿಯಂನಲ್ಲಿರುವ ಮಕ್ಕಳ ಆಟಗಳ ಚಿತ್ರ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳು, ಎಂಬತ್ತರಷ್ಟು ಆಟಗಳಿವೆ. ನಿಮ್ಮ ಸಂಸ್ಥೆಯಲ್ಲಿ ಇಷ್ಟು ಪ್ರಸಿದ್ಧ ಕೃತಿ ಇರಬೇಕಾಗಿಲ್ಲ. ಒಂದು ಹಳೆಯ ಮಣ್ಣಿನ ಮಡಕೆಯ ಮೇಲೆ ಮಾಡಿದವರ ಬೆರಳಿನ ಗುರುತು ಉಳಿದಿದ್ದರೆ ಅದೂ ಅಷ್ಟೇ ಚೆನ್ನ.

ಇನ್ನೊಂದು ಪರೀಕ್ಷೆ ಮಾಡಿ. "ಇದನ್ನು ನೋಡಿದ ಮೇಲೆ ಕೈಯಲ್ಲಿ ಏನು ಮಾಡಬಹುದು?" ಅಂತ ಕೇಳಿಕೊಳ್ಳಿ. ಮರದ ಅಚ್ಚಿನಿಂದ ಮಾಡಿದ ಮುದ್ರಣಚಿತ್ರ ನೋಡಿದ ಮಕ್ಕಳು ಅಚ್ಚೊತ್ತಬೇಕು. ಶಿಲ್ಪ ನೋಡಿದವರ ಕೈಗೆ ಜೇಡಿಮಣ್ಣು ಸಿಗಬೇಕು. ಶಿಲ್ಪ ನೋಡಿ ಬಂದವರಿಗೆ ಕ್ರೇಯಾನ್ ಕೊಟ್ಟರೆ ಎಳೆ ಅಲ್ಲೇ ಕಡಿಯುತ್ತದೆ.

3. ಗುಂಪು ಮತ್ತು ವಯಸ್ಸು

ಒಂದು ಗುಂಪಿಗೆ 12 ಮಕ್ಕಳು, ಇಬ್ಬರು ದೊಡ್ಡವರು. 15ರ ಮೇಲೆ ಹೋದರೆ ಹಿಂದೆ ಕೂತವರಿಗೆ ಚಿತ್ರ ಕಾಣುವುದಿಲ್ಲ.

ವಯಸ್ಸಿನ ವಿಷಯದಲ್ಲಿ ಒಂದು ಮಾತು ನೆನಪಿರಲಿ. ಮಕ್ಕಳ ಚಿತ್ರ ಹೇಗೆ ಬೆಳೆಯುತ್ತದೆ ಅಂತ ಕಲಾ ಶಿಕ್ಷಣತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಹಂತಗಳಾಗಿ ವಿಂಗಡಿಸಿ ಬರೆದರು. 4ರಿಂದ 7ರವರೆಗೆ ತಲೆಯಿಂದಲೇ ಕೈಕಾಲು ಹೊರಡುವ ಮನುಷ್ಯರು ಬರುತ್ತಾರೆ. 7ರಿಂದ 9ರವರೆಗೆ ಮಗು ತನ್ನದೇ ಒಂದು ಸಂಕೇತ ಮಾಡಿಕೊಳ್ಳುತ್ತದೆ: ಮನೆ ಅಂದರೆ ಹೀಗೆ, ಮರ ಅಂದರೆ ಹೀಗೆ, ಕೆಳಗೆ ನೆಲದ ಗೆರೆ, ಮೇಲೆ ಆಕಾಶ. 9 ದಾಟಿದ ಮೇಲೆ "ನಿಜವಾದ ಥರ ಬರ್ತಿಲ್ಲ" ಅನ್ನುವ ಚಿಂತೆ ಶುರುವಾಗುತ್ತದೆ. ಎಲ್ಲ ಮಕ್ಕಳೂ ಇದೇ ಲೆಕ್ಕದಲ್ಲಿ ಬೆಳೆಯುವುದಿಲ್ಲ. ಆದರೂ ಐದು ವರ್ಷದವನಿಗೆ ನೆರಳು ಹಾಕಲು ಹೇಳಿಕೊಡುವ ತಪ್ಪನ್ನು ಈ ತಿಳಿವಳಿಕೆ ತಪ್ಪಿಸುತ್ತದೆ.

4. ಬಾಗಿಲಲ್ಲೇ ಹತ್ತು ನಿಮಿಷ: ಯಾಕೆ ಮುಟ್ಟಬಾರದು?

ಬ್ಯಾಗ್, ನೀರಿನ ಬಾಟಲಿ ಹೊರಗಿಡಿಸಿ. ಬೆನ್ನಿಗೆ ಬ್ಯಾಗ್ ಹಾಕಿಕೊಂಡ ಮಗು ಗಿರಕ್ಕನೆ ತಿರುಗಿದರೆ ಹಿಂದೆ ಏನಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಟಾಯ್ಲೆಟ್ ಎಲ್ಲಿ, ಸುಸ್ತಾದರೆ ಎಲ್ಲಿ ಕೂರಬಹುದು ಅಂತ ತೋರಿಸಿ. ಆಮೇಲೆ ನಿಯಮಗಳಿಗೆ ಬನ್ನಿ.

"ಮುಟ್ಟಬೇಡಿ" ಅಂತ ಸುಮ್ನೆ ಹೇಳಿದರೆ ಯಾವ ಮಗುವಿಗೂ ನಾಟುವುದಿಲ್ಲ. ಕಾರಣ ಕಣ್ಣಿಗೆ ಕಾಣಬೇಕು. ನಾನು ಅಂಗೈಗಿಂತ ಸ್ವಲ್ಪ ದೊಡ್ಡದಾದ, ಚೆನ್ನಾಗಿ ಉಜ್ಜಿದ ತಾಮ್ರದ ತಗಡು ಇಟ್ಟುಕೊಂಡಿರುತ್ತೇನೆ. ಅರ್ಧಭಾಗಕ್ಕೆ ಪ್ಲಾಸ್ಟಿಕ್ ಹೊದಿಸಿರುತ್ತೇನೆ, ಇನ್ನರ್ಧ ತೆರೆದಿರುತ್ತದೆ. ಬಂದ ಪ್ರತಿ ಮಗುವೂ ತೆರೆದ ಭಾಗಕ್ಕೆ ಬೆರಳೊತ್ತಬೇಕು. ಆಗ ಏನೂ ಕಾಣುವುದಿಲ್ಲ, ತೆಳುವಾದ ಮಂಜಿನಂಥ ಗುರುತು ಅಷ್ಟೆ. ಆಮೇಲೆ ಕೆಲವು ತಿಂಗಳ ಹಿಂದೆ ಬೇರೆ ಗುಂಪು ಮುಟ್ಟಿದ್ದ ತಗಡನ್ನು ತೆಗೆದು ಪ್ಲಾಸ್ಟಿಕ್ ಬಿಚ್ಚುತ್ತೇನೆ. ಒಂದರ್ಧ ಫಳಫಳ ಹೊಳೆಯುತ್ತದೆ. ಇನ್ನರ್ಧದಲ್ಲಿ ಕಂದು ಬಣ್ಣದ ಬೆರಳಚ್ಚುಗಳು, ಒಂದೊಂದು ಗೆರೆಯೂ ಎಣಿಸಬಹುದಾದಷ್ಟು ಸ್ಪಷ್ಟ. ನಮ್ಮ ಬೆವರಿನ ಉಪ್ಪು ಮತ್ತು ಎಣ್ಣೆ ಲೋಹವನ್ನು ನಿಧಾನವಾಗಿ ತಿನ್ನುತ್ತದೆ ಅಂತ ಆಗ ಒಂದು ಸಾಲು ಹೇಳಿದರೆ ಸಾಕು. ಆ ತಗಡು ನೋಡಿದ ಮಕ್ಕಳು ಒಳಗೆ ಹೋದ ಮೇಲೆ ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತಾರೆ. ನಾನು ಹೇಳಬೇಕಾಗುವುದಿಲ್ಲ.

ಕಾಗದದ ಮೇಲಿನ ಚಿತ್ರಗಳ ಕೋಣೆ ಮಬ್ಬಾಗಿರುತ್ತದೆ. "ಯಾಕಕ್ಕಾ ಕತ್ತಲೆ?" ಅಂತ ಕೇಳಿಯೇ ಕೇಳುತ್ತಾರೆ. ಬೆಳಕು ಬಣ್ಣವನ್ನು ಮಾಸಿಸುತ್ತದೆ, ಮಾಸಿದ್ದು ಮರಳಿ ಬರುವುದಿಲ್ಲ. ಅದಕ್ಕೇ ಜಲವರ್ಣ, ಮುದ್ರಣಚಿತ್ರ, ಬಟ್ಟೆಗಳಿಗೆ ಸುಮಾರು 50 ಲಕ್ಸ್ (ಬೆಳಕಿನ ಅಳತೆ) ಬೆಳಕು ಮಾತ್ರ ಬಿಡುತ್ತಾರೆ. ಬಣ್ಣದ ಹಾಳೆಯೊಂದರ ಅರ್ಧಕ್ಕೆ ರಟ್ಟು ಮುಚ್ಚಿ ಕಿಟಕಿಯಲ್ಲಿ ಒಂದೆರಡು ತಿಂಗಳು ಬಿಸಿಲಿಗೆ ಇಡಿ. ಇದನ್ನೂ ತೋರಿಸಬಹುದು.

ಗ್ಯಾಲರಿಯೊಳಗೆ ಪೆನ್ನು ಬೇಡ, ಪೆನ್ಸಿಲ್ ಮಾತ್ರ. ಪೆನ್ಸಿಲ್ ಗೆರೆ ತಾಗಿದರೂ ತೆಗೆಯಲು ದಾರಿ ಇರುತ್ತದೆ, ಶಾಯಿ ತಾಗಿದರೆ ಕಷ್ಟ.

5. ನೋಡುವುದು

ಇಡೀ ಕಾರ್ಯಾಗಾರದ ಪ್ರಾಣ ಇದು. ಮಕ್ಕಳನ್ನು ನೆಲದ ಮೇಲೆ ಅರ್ಧ ವೃತ್ತವಾಗಿ ಕೂರಿಸಿ. ಒಂದು ನಿಮಿಷ ಯಾರೂ ಮಾತಾಡುವ ಹಾಗಿಲ್ಲ, ನೀವೂ ಸೇರಿದಂತೆ. ಕಲಾವಿದರ ಹೆಸರು, ಇಸವಿ, ಕಥೆ ಏನನ್ನೂ ಈಗಲೇ ಹೇಳಬೇಡಿ. ಹೇಳಿದ ತಕ್ಷಣ ಮಕ್ಕಳು ಚಿತ್ರದ ಕಡೆ ನೋಡುವುದು ಬಿಟ್ಟು ನಿಮ್ಮ ಮುಖ ನೋಡುತ್ತಾರೆ.

ಆಮೇಲೆ ಮೂರು ಪ್ರಶ್ನೆ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಶಿಕ್ಷಣ ವಿಭಾಗ ನೋಡಿಕೊಳ್ಳುತ್ತಿದ್ದ ಫಿಲಿಪ್ ಯೆನವೈನ್ ಮತ್ತು ಮನಶ್ಶಾಸ್ತ್ರಜ್ಞೆ ಅಬಿಗೇಲ್ ಹೌಸೆನ್ ಸೇರಿ ರೂಪಿಸಿದ ವಿಧಾನ ಇದು. ನನ್ನ ಮಾತಿನಲ್ಲಿ ಹೀಗೆ ಕೇಳುತ್ತೇನೆ:

"ಈ ಚಿತ್ರದಲ್ಲಿ ಏನು ನಡೀತಿದೆ?"
"ಏನು ನೋಡಿ ನಿಂಗೆ ಹಾಗನ್ನಿಸ್ತು?"
"ಇನ್ನೇನು ಕಾಣಿಸ್ತಿದೆ?"

ಇಷ್ಟೇ. ಮಗು ಏನಾದರೂ ಹೇಳಿದಾಗ ನೀವು ಮಾಡಬೇಕಾದ್ದು ಎರಡು ಕೆಲಸ. ಅದು ಹೇಳಿದ ಜಾಗವನ್ನು ದೂರದಿಂದಲೇ ಬೆರಳಲ್ಲಿ ತೋರಿಸಿ. ಅದರ ಮಾತನ್ನು ನಿಮ್ಮ ಮಾತಿನಲ್ಲಿ ಇನ್ನೊಮ್ಮೆ ಹೇಳಿ. "ಸರಿ", "ತಪ್ಪು", "ವೆರಿ ಗುಡ್" ಬೇಡ. ಒಬ್ಬರಿಗೆ ವೆರಿ ಗುಡ್ ಅಂದ ಕೂಡಲೇ ಉಳಿದ ಹನ್ನೊಂದು ಮಕ್ಕಳು ಆ ಉತ್ತರದ ಹಿಂದೆ ಹೋಗುತ್ತಾರೆ.

ಜಪಾನಿನ ಕಲಾವಿದ ಹೊಕುಸಾಯ್ ಅವರ ದೊಡ್ಡ ಅಲೆಯ ಮುದ್ರಣಚಿತ್ರದ ಮುಂದೆ ನಡೆದ ಮಾತು ಹೇಳುತ್ತೇನೆ. 1831ರ ಹೊತ್ತಿನ ಕೃತಿ ಅದು. ಪೋಸ್ಟರ್‌ಗಳಲ್ಲಿ ನೋಡಿದವರು ದೊಡ್ಡದಿರಬೇಕು ಅಂದುಕೊಳ್ಳುತ್ತಾರೆ. ನಿಜವಾದ ಹಾಳೆ ಸುಮಾರು 25 ಸೆಂ.ಮೀ. ಎತ್ತರ, 37 ಸೆಂ.ಮೀ. ಅಗಲ, ಅಷ್ಟೆ. ಹುಡುಗನೊಬ್ಬ "ಅಲೆಗೆ ಉಗುರಿದೆ" ಅಂದ. ಏನು ನೋಡಿ ಹಾಗನ್ನಿಸ್ತು ಅಂತ ಕೇಳಿದೆ. "ತುದಿ ಎಲ್ಲಾ ಕೊಕ್ಕೆ ಥರ ಬಗ್ಗಿದೆ." ನೊರೆಯ ತುದಿ ಬಾಗಿರುವುದು ಅವನಿಗೆ ಉಗುರಿನಂತೆ ಕಂಡಿದೆ ಅಂತ ಎಲ್ಲರಿಗೂ ಹೇಳಿದೆ. ಇನ್ನೊಬ್ಬ ದೋಣಿ ಎಣಿಸಿದ, ಎರಡು ಅಂದ. ಅವನ ಪಕ್ಕದವಳು ಮೂರನೆಯದನ್ನು ಹುಡುಕಿ ತೋರಿಸಿದಳು. ಅಷ್ಟು ಹೊತ್ತೂ ಮಾತಾಡದೆ ಕೂತಿದ್ದ ಹುಡುಗಿಯೊಬ್ಬಳು ಆಮೇಲೆ ನಿಧಾನವಾಗಿ ಹೇಳಿದಳು: "ಆ ಸಣ್ಣ ಅಲೆ ಅಲ್ಲಾಡ್ತಾ ಇಲ್ಲ." ಏನು ನೋಡಿ? "ಅದಕ್ಕೆ ನೊರೆ ಇಲ್ಲ. ಸುಮ್ನೆ ಕೂತಿದೆ." ಎಲ್ಲರೂ ಮುಂದಕ್ಕೆ ಬಾಗಿದರು. ಒಬ್ಬ ಕೂಗಿದ: "ಅದು ಅಲೆ ಅಲ್ಲ, ಬೆಟ್ಟ!"

ಅದು ಫ್ಯೂಜಿ ಪರ್ವತ. ನಾನು ಮೊದಲೇ ಹೇಳಿಬಿಟ್ಟಿದ್ದರೆ ಅವರಿಗೆ ಅದು ಸಿಗುತ್ತಿರಲಿಲ್ಲ.

ಮಕ್ಕಳು ಅಷ್ಟು ದೂರ ಬಂದ ಮೇಲೆ ಕಥೆ ಹೇಳಿ. ಈಗ ಅವರಿಗೆ ಅದು ಬೇಕು. ಮರದ ಹಲಗೆ ಕೆತ್ತಿ, ಒಂದೊಂದು ಬಣ್ಣಕ್ಕೆ ಬೇರೆ ಬೇರೆ ಅಚ್ಚು ಮಾಡಿ ಒತ್ತಿದ ಚಿತ್ರ ಅಂದರೆ "ಹೇಗೆ?" ಅಂತ ತಾವೇ ಕೇಳುತ್ತಾರೆ. ಹೇಗೆ ಅಂತ ಮಾಡಿಯೇ ನೋಡೋಣ ಅಂತ ಹೇಳಿ ನಿಲ್ಲಿಸಿ.

6. ಗ್ಯಾಲರಿಯಲ್ಲೇ ಪೆನ್ಸಿಲ್ ಹಿಡಿದು

ಎರಡನೇ ಕೃತಿಯ ಮುಂದೆ ಕೈಗೆ ರಟ್ಟು, ಹಾಳೆ, ಪೆನ್ಸಿಲ್ ಕೊಡಿ. ನಾನು ರಬ್ಬರ್ ಕೊಡುವುದಿಲ್ಲ. ರಬ್ಬರ್ ಇದ್ದರೆ ಹದಿನೈದು ನಿಮಿಷದಲ್ಲಿ ಹತ್ತು ನಿಮಿಷ ಅಳಿಸುವುದರಲ್ಲೇ ಹೋಗುತ್ತದೆ. ಮೆಂಡರ್ ನಿಮ್ಮ ಹತ್ತಿರ ಇರಲಿ, ಒಳಗೆ ಬಳಸಬೇಡಿ. ಎರಡೂ ತುದಿ ಚೂಪು ಮಾಡಿದ ಪೆನ್ಸಿಲ್‌ಗಳನ್ನು ಜಾಸ್ತಿ ತನ್ನಿ.

ಇಡೀ ಚಿತ್ರ ನಕಲು ಮಾಡಿಸಬೇಡಿ. ರಟ್ಟಿನಲ್ಲಿ ಬೆಂಕಿಪೊಟ್ಟಣದಷ್ಟು ಕಿಟಕಿ ಕತ್ತರಿಸಿ ಕೊಡಿ. ಅದರೊಳಗಿಂದ ನೋಡಿ ಇಷ್ಟವಾದ ಒಂದು ತುಂಡನ್ನು ಮಾತ್ರ ಬಿಡಿಸಲಿ. ಇಲ್ಲವೇ ಹಾಳೆಯನ್ನು ನೋಡದೆ, ಕಣ್ಣನ್ನು ಕೃತಿಯ ಅಂಚಿನ ಮೇಲೇ ಇಟ್ಟು, ಪೆನ್ಸಿಲ್ ಎತ್ತದೆ ಒಂದೇ ಗೆರೆಯಲ್ಲಿ ಬಿಡಿಸಲಿ. ಸೊಟ್ಟಗೇ ಬರುತ್ತದೆ, ಎಲ್ಲರದೂ. ಅದಕ್ಕೇ "ನಂಗೆ ಬರಲ್ಲ" ಅನ್ನುವ ಹತ್ತು ವರ್ಷದವರಿಗೆ ಇದು ಬಹಳ ಒಳ್ಳೆಯದು.

7. ಕೈ ಕೆಲಸ: ಅಚ್ಚೊತ್ತುವುದು

ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಕೆಡುವುದು ಸಣ್ಣ ವಿಷಯಗಳಿಂದಲೇ.

ಮಕ್ಕಳಿಗೆ ಮರ ಕೆತ್ತಲು ಕೊಡುವ ಹಾಗಿಲ್ಲ. ಅದರ ಬದಲು ಅಂಗೈಯಗಲದ ನುಣುಪಾದ ಫೋಮ್ ಹಾಳೆ ಬಳಸಿ. ಕಾಳು ಕಾಳಾಗಿ ಉದುರುವ ಥರ್ಮೊಕೋಲ್ ಬೇಡ, ಆ ಕಾಳಿನ ಗುರುತೇ ಅಚ್ಚಾಗುತ್ತದೆ. ಮೊಂಡಾದ ಪೆನ್ಸಿಲ್‌ನಿಂದ ಒತ್ತಿ ಗೆರೆ ಎಳೆಯಬೇಕು. ತೂತಾಗಬಾರದು, ಬೆರಳಾಡಿಸಿದರೆ ತಗ್ಗು ಗೊತ್ತಾಗಬೇಕು. ಒತ್ತಿದ ತಗ್ಗಿಗೆ ಶಾಯಿ ಹತ್ತುವುದಿಲ್ಲ, ಅಲ್ಲಿ ಬಿಳಿ ಉಳಿಯುತ್ತದೆ. ಉಬ್ಬಾಗಿ ಉಳಿದ ಕಡೆ ಬಣ್ಣ ಬರುತ್ತದೆ. ಹೆಸರು ಬರೆಯುವವರಿಗೆ ಮುಂಚೆ ಎಚ್ಚರಿಕೆ ಕೊಡಬೇಡಿ. ಮೊದಲ ಅಚ್ಚಿನಲ್ಲಿ ಅಕ್ಷರ ತಿರುಗುಮುರುಗಾಗಿ ಬಂದಾಗ ಅವರ ಮುಖ ನೋಡಬೇಕು! ಎರಡನೇ ಫೋಮಿನಲ್ಲಿ ತಾವೇ ಲೆಕ್ಕ ಹಾಕಿ ತಿರುಗಿಸಿ ಬರೆಯುತ್ತಾರೆ.

ನೀರಿನಲ್ಲಿ ತೊಳೆಯಬಹುದಾದ ಬ್ಲಾಕ್ ಪ್ರಿಂಟಿಂಗ್ ಶಾಯಿ ತನ್ನಿ. ಪೋಸ್ಟರ್ ಕಲರ್ ತೆಳುವಾಗಿ ತಗ್ಗಿನೊಳಗೆ ಹರಿದು ಗೆರೆಯೆಲ್ಲ ಮುಚ್ಚಿಹೋಗುತ್ತದೆ. ನುಣುಪಾದ ತಟ್ಟೆಯ ಮೇಲೆ ಚಮಚದ ತುದಿಯಷ್ಟು ಶಾಯಿ ಹಾಕಿ, ರಬ್ಬರ್ ರೋಲರ್‌ನಿಂದ ಉದ್ದಕ್ಕೂ ಅಡ್ಡಕ್ಕೂ ಹರಡಬೇಕು. ಶಾಯಿ ಹದಕ್ಕೆ ಬಂದಿದೆಯಾ ಅಂತ ಕಿವಿಗೆ ಗೊತ್ತಾಗುತ್ತದೆ. ಜಾಸ್ತಿಯಿದ್ದರೆ ಪಿಚಪಿಚ ಅನ್ನುತ್ತದೆ. ಸರಿಯಾಗಿದ್ದರೆ ಚರಚರ ಅನ್ನುವ ಸಣ್ಣ ಸದ್ದು. ಎಲ್ಲರನ್ನೂ ಸುಮ್ಮನಿರಿಸಿ ಆ ಸದ್ದು ಕೇಳಿಸಿ. ಆಮೇಲೆ ಫೋಮಿನ ಮೇಲೆ ರೋಲರ್ ಓಡಿಸಿ, ಹಾಳೆಯನ್ನು ನಿಧಾನವಾಗಿ ಮೇಲಿಟ್ಟು, ಚಮಚದ ಬೆನ್ನಿನಿಂದ ಗುಂಡಗೆ ಉಜ್ಜಬೇಕು. ಮೂಲೆ ಹಿಡಿದು ಎತ್ತಬೇಕು.

ಪ್ರತಿ ಮಗುವಿಗೂ ಮೂರು ಅಚ್ಚಿಗಾಗುವಷ್ಟು ಹಾಳೆ ಮತ್ತು ಸಮಯ ಇರಲಿ. ಮೊದಲನೆಯದು ಸಾಮಾನ್ಯವಾಗಿ ಮಸುಕು, ಎರಡನೆಯದು ದಪ್ಪ, ಮೂರನೆಯದರಲ್ಲಿ ಕೈ ಕೂರುತ್ತದೆ. ಒಂದೇ ಅಚ್ಚಿನಲ್ಲಿ ಮುಗಿಸಿದರೆ ಮಗು ಸೋತ ಹಾಗೆ ಮನೆಗೆ ಹೋಗುತ್ತದೆ. ಇದಕ್ಕೆ 45 ನಿಮಿಷ ಬೇಕೇ ಬೇಕು.

ಮಾಡಿ ಮುಗಿಸಿದ ಮಾದರಿಯನ್ನು ತೋರಿಸಲೇಬೇಡಿ. ರೋಲರ್ ಹಿಡಿಯುವ ರೀತಿ ತೋರಿಸಿ, ಉಜ್ಜುವುದು ತೋರಿಸಿ, ನಿಮ್ಮ ಫೋಮಿನ ಮೇಲೆ ಬರೀ ಅಡ್ಡಗೆರೆ ಇರಲಿ. ನೀವು ಮೀನು ಮಾಡಿ ತೋರಿಸಿದರೆ ಹನ್ನೆರಡು ಮೀನು ಬರುತ್ತವೆ. 1897ರಲ್ಲಿ ವಿಯೆನ್ನಾದಲ್ಲಿ ಮಕ್ಕಳಿಗಾಗಿಯೇ ಕಲಾ ತರಗತಿ ತೆರೆದ ಫ್ರಾಂಜ್ ಚಿಜೆಕ್, ದೊಡ್ಡವರ ಮಾದರಿ ನೋಡಿ ನಕಲು ಮಾಡಿಸುವ ಆ ಕಾಲದ ಪದ್ಧತಿಯನ್ನೇ ಬಿಟ್ಟಿದ್ದರು. ಇಂದಿಗೂ ನಾವು ಅದನ್ನು ಪೂರ್ತಿ ಬಿಟ್ಟಿಲ್ಲ ಅನ್ನುವುದು ನನಗೆ ಬೇಸರದ ವಿಷಯ.

5 ವರ್ಷದವರಾದರೆ ಗೆರೆ ಒತ್ತುವ ಬದಲು ದಾರ, ಎಲೆ, ರಟ್ಟಿನ ಚೂರುಗಳನ್ನು ಅಂಟಿಸಿ ಅಚ್ಚು ಮಾಡಲಿ. 12 ದಾಟಿದವರು ಎರಡು ಬಣ್ಣಕ್ಕೆ ಎರಡು ಅಚ್ಚು ಮಾಡಿ, ಒಂದರ ಮೇಲೊಂದು ಸರಿಯಾಗಿ ಕೂರಿಸಲು ಕಷ್ಟಪಡಲಿ. ಹೊಕುಸಾಯ್ ಜೊತೆ ಕೆಲಸ ಮಾಡಿದ ಅಚ್ಚಿನವರ ಕೈಚಳಕ ಏನು ಅಂತ ಆಗ ಗೊತ್ತಾಗುತ್ತದೆ.

8. ಏನು ಮಾತಾಡಬೇಕು, ಯಾವಾಗ ಸುಮ್ಮನಿರಬೇಕು

ಮಗುವಿನ ಚಿತ್ರದ ಮೇಲೆ ನೀವು ಒಂದು ಗೆರೆಯನ್ನೂ ಎಳೆಯಬೇಡಿ. "ಸ್ವಲ್ಪ ಸರಿ ಮಾಡ್ಕೊಡ್ತೀನಿ" ಅಂತ ಕೈ ಹಾಕಿದ ಕ್ಷಣದಿಂದ ಅದು ನಿಮ್ಮ ಚಿತ್ರ. ತೋರಿಸಲೇಬೇಕಾದರೆ ಬೇರೆ ಹಾಳೆಯಲ್ಲಿ ತೋರಿಸಿ. "ಇದೇನು?" ಅಂತಲೂ ಕೇಳಬೇಡಿ. ಅರ್ಥವಾಗಲಿಲ್ಲ ಅಂತಲೇ ಮಗುವಿಗೆ ಕೇಳಿಸುತ್ತದೆ. "ಇದರ ಬಗ್ಗೆ ಹೇಳು" ಅನ್ನಿ. "ಚೆನ್ನಾಗಿದೆ" ಅನ್ನುವುದಕ್ಕಿಂತ ಕಂಡದ್ದನ್ನು ಹೇಳಿ: "ಇಲ್ಲಿ ಗೆರೆ ಒತ್ತೊತ್ತಾಗಿದೆ, ಅಲ್ಲಿ ಖಾಲಿ ಬಿಟ್ಟಿದ್ದೀಯ." ತನ್ನ ಕೆಲಸವನ್ನು ಯಾರೋ ನಿಜವಾಗಿ ನೋಡಿದ್ದಾರೆ ಅಂತ ಗೊತ್ತಾದಾಗ ಮಗುವಿನ ಬೆನ್ನು ನೆಟ್ಟಗಾಗುತ್ತದೆ.

9. ಎಲ್ಲ ಮಕ್ಕಳೂ ಬರುವಂತೆ

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ, ಕಲೆ ಮತ್ತು ಸಾಂಸ್ಕೃತಿಕ ಬದುಕಿನಲ್ಲಿ ಪಾಲ್ಗೊಳ್ಳುವುದು ಮಗುವಿನ ಹಕ್ಕು ಅನ್ನುತ್ತದೆ. ಕಣ್ಣು ಕಾಣದ ಮಗು ಬಂದರೆ ಮುಟ್ಟಿ ನೋಡಬಹುದಾದ ಪ್ರತಿಕೃತಿ, ಉಬ್ಬುಚಿತ್ರ ಸಿದ್ಧವಿರಲಿ. ಫೋಮಿನ ತಗ್ಗು ಉಬ್ಬು ಬೆರಳಿಗೆ ಸಿಗುವುದರಿಂದ ಅಚ್ಚೊತ್ತುವ ಕೆಲಸ ಅವರಿಗೂ ಚೆನ್ನಾಗಿ ಹೊಂದುತ್ತದೆ. ಆಟಿಸಂ ಇರುವ ಮಕ್ಕಳ ಮನೆಗೆ ಬಾಗಿಲು, ಗ್ಯಾಲರಿ, ಕೆಲಸದ ಕೋಣೆ, ನಿಮ್ಮ ಮುಖ ಇವುಗಳ ಫೋಟೋ ಮೊದಲೇ ಕಳಿಸಿ. ಏನು ಕಾದಿದೆ ಅಂತ ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ವ್ಹೀಲ್‌ಚೇರ್‌ನಲ್ಲಿ ಬರುವ ಮಗುವಿಗೆ ಮೇಜು ಸರಿಹೊಂದುತ್ತದೆಯಾ ಅಂತ ಹಿಂದಿನ ದಿನವೇ ನೋಡಿ.

10. ತಂದೆತಾಯಿಯರನ್ನು ಎಲ್ಲಿ ಕೂರಿಸುವುದು?

ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಶಿಕ್ಷಣ ವಿಭಾಗ ನೋಡಿಕೊಳ್ಳುತ್ತಿದ್ದ ವಿಕ್ಟರ್ ಡಿ'ಅಮಿಕೊ 1942ರಲ್ಲಿ ಅಲ್ಲಿ ಮಕ್ಕಳ ಕಲಾ ಉತ್ಸವ ಶುರುಮಾಡಿದಾಗ ತಂದೆತಾಯಿಯರನ್ನು ಒಳಗೆ ಬಿಡುತ್ತಿರಲಿಲ್ಲ. ಅದರ ಬಾಗಿಲನ್ನು ಮಕ್ಕಳ ಆಕಾರದಲ್ಲೇ ಮಾಡಿಸಿದ್ದರು. ನಾನೂ ಹೊರಗೇ ಕೂರಿಸುತ್ತೇನೆ, ಆದರೆ ಕೊನೆಯ ಹದಿನೈದು ನಿಮಿಷ ಒಳಗೆ ಕರೆಯುತ್ತೇನೆ. ಮಕ್ಕಳು ಮಾಡಿದ್ದನ್ನು ಮಕ್ಕಳ ಕಣ್ಣಿನ ಎತ್ತರಕ್ಕೆ ಕ್ಲಿಪ್ ಹಾಕಿ ತೂಗಿಸಿರುತ್ತೇನೆ. ಪಕ್ಕದಲ್ಲಿ ಮಗುವೇ ಹೇಳಿದ ಒಂದು ಸಾಲು, ಅದರ ಮಾತಿನಲ್ಲೇ. ತೂಗಿಸುವ ಮುಂಚೆ ಮಗುವಿನ ಒಪ್ಪಿಗೆ ಕೇಳಿ. ಫೋಟೋ ತೆಗೆಯುವುದಿದ್ದರೆ ಮನೆಯವರ ಒಪ್ಪಿಗೆ ಬರಹದಲ್ಲಿ ಪಡೆಯಿರಿ.

ಆಮೇಲೆ ಮಕ್ಕಳು ತಮ್ಮ ಮನೆಯವರ ಕೈ ಹಿಡಿದು ಬೆಳಗ್ಗೆ ನೋಡಿದ ಚಿತ್ರದ ಮುಂದೆ ಕರೆದೊಯ್ಯಲಿ. ಈಗ ಪ್ರಶ್ನೆ ಕೇಳುವುದು ಮಕ್ಕಳು. ಆ ದಿನ ಬೆಟ್ಟವನ್ನು ಮೊದಲು ಕಂಡ ಹುಡುಗಿ ಅಪ್ಪನನ್ನು ಅಲೆಯ ಮುಂದೆ ನಿಲ್ಲಿಸಿ, "ಅಪ್ಪಾ, ಇದರಲ್ಲಿ ಏನು ನಡೀತಿದೆ?" ಅಂದಳು. ಅವರು ದೋಣಿ ಅಂದರು, ಅಲೆ ಅಂದರು. "ಇನ್ನೇನು ಕಾಣಿಸ್ತಿದೆ?" ಅಂತ ಕೇಳಿ, ಉತ್ತರ ಹೇಳದೆ ಕಾದಳು.